ಪಾರಿಜಾತದ ಆಟವೂ ನಮ್ಮ ಸಂಸ್ಕೃತಿ ಸಂಘಗಳೂ



ಬೆಳಗಾವಿ ಜಿಲ್ಲೆಯ ಹುಕ್ಕೇರಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಅದರ ಹೆಸರನ್ನಾದರೂ ಕೇಳಿರಬಹುದು. ಘಟಪ್ರಭೆ ಹಿರಣ್ಯಕೇಶಿಗಳ ಸೀಮೆಯಲ್ಲಿ, ಕಬ್ಬು ಜೋಳಗಳ ಹೊಲಗಳ ನಡುವೆ ಇರುವ ಈ ಊರಿನಲ್ಲಿ ಬಿಜಾಪುರದ ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ನಾನು ಆ ಕಡೆಯ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದಾಗ ಒಮ್ಮೆ ಇತಿಹಾಸದ ವಿದ್ಯಾರ್ಥಿಗಳನ್ನು ಕೂಡಿಕೊಂಡು ಅವುಗಳನ್ನು ನೋಡಲು ಹೋಗಿದ್ದೆನು. ಕಮಾನುಗಳ ಆಕಾರವೆಂತಹುದು, ರಾಜಧಾನಿಯ ಕಟ್ಟಡಗಳಿಗೂ ಇವಕ್ಕೂ ಇರುವ ಸಾಮ್ಯವೇನು, 1884ರಲ್ಲಿ ಅಚ್ಚಾದ ಬೆಳಗಾವಿಯ ಗ್ಯಾಸೆಟಿಯರಿನಲ್ಲಿ ಹುಕ್ಕೇರಿಯ ವಿಚಾರ ಹೇಗೆ ಬಂದಿದೆ ಎಂಬುದನ್ನೆಲ್ಲ ಮುಕ್ಕಾಲು ಗಂಟೆಯ ಹೊತ್ತು ವಿವರಿಸಿದೆನು. ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ವೃದ್ಧ ರೈತನೊಬ್ಬನು ಸ್ವಲ್ಪ ದೂರದಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದನು. ನಾನು ಮುಗಿಸಿದ ಮೇಲೆ ಅವನು ಹತ್ತಿರ ಬಂದು, "ಭಾಳ ಛಲೋ ಹೇಳಿದ್ರಿ. ಖರೆ, ಇದು ನಮ್ಮೂರಾಂದು ಅಂತ ಒಮ್ಮಿ ಸೈತ ಅನ್ಲಿಲ್ರಿ" ಎಂದನು.

ಆ ಮಾತಿನಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದನಷ್ಟೆ. ಬಳಿಕ ಅವನು ತನ್ನ ಹಳ್ಳಿಯ ಹೆಸರನ್ನು ಹೇಳಿ, ಆ ರಾತ್ರಿ ಅಲ್ಲಿ ಪಾರಿಜಾತದ ಆಟವಿರುವುದೆಂದೂ, ನಾವು ಬಂದರೆ ಹಾಸಲು ಕಂಬಳಿಗಳನ್ನು ಕೊಡುವೆನೆಂದೂ ಆಹ್ವಾನವಿತ್ತನು. ನಾವು ಹೋದೆವು, ಬೆಳಗಾಗುವವರೆಗೆ ಕುಳಿತೆವು. ಹಗಲಿನಲ್ಲಿ ನಾನು ಮಾಡಿದ ಪಾಠಕ್ಕೂ ರಾತ್ರಿಯಲ್ಲಿ ನಾನು ಕಂಡ ಆಟಕ್ಕೂ ಇರುವ ಅಂತರವನ್ನು ಅಂದಿನಿಂದಲೂ ಯೋಚಿಸುತ್ತ ಬಂದಿದ್ದೇನೆ. ಈ ಹೊತ್ತಿನ ಭಾಷಣದ ವಿಷಯವೂ ಅದೇ. ಪೂರ್ವಜರು ಬಿಟ್ಟುಹೋದ ಸಂಪತ್ತನ್ನು ಕಾಪಾಡುವುದಕ್ಕಾಗಿ ನಾವು ಸಂಘಗಳನ್ನೂ ಪರಿಷತ್ತುಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಕಟ್ಟಿದ್ದೇವೆ. ಇವುಗಳಿಗೆ ಜನಸಾಮಾನ್ಯರು ಬರುವುದಿಲ್ಲವೆಂದು ವಾರ್ಷಿಕ ವರದಿಗಳಲ್ಲಿ ವ್ಯಸನಪಡುತ್ತೇವೆ. ಜನರು ಬರುವಂತೆ ಮಾಡುವ ಬಗೆ ಯಾವುದು? ಈ ಪ್ರಶ್ನೆಗೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯೇ ಬಹಳ ಹಿಂದೆ ಒಂದು ಉತ್ತರವನ್ನು ಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಸಂಸ್ಥೆಗಳ ಸ್ವಭಾವವನ್ನು ಕುರಿತು ಎರಡು ಮಾತು. ಬಾಗಿಲು ತೆರೆದಿದ್ದರೂ ಒಳಗೆ ಬರಲಾಗದಂತಹ ಸ್ಥಿತಿ ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮು 1759ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಪ್ರವೇಶಕ್ಕೆ ಹಣವನ್ನು ಕೊಡಬೇಕಾಗಿರಲಿಲ್ಲ. ಆದರೆ ಮುಂಚಿತವಾಗಿ ಅರ್ಜಿ ಬರೆದುಕೊಂಡು ಟಿಕೀಟು ಪಡೆಯಬೇಕಾಗಿತ್ತು. ಬರೆಯಲು ಬಾರದವನೂ ಹಗಲೆಲ್ಲ ದುಡಿಯುವವನೂ ಅಲ್ಲಿಗೆ ಹೋಗುವುದೆಂತು? ಯಾರನ್ನೂ ಬೇಡವೆನ್ನದೆಯೇ ಬಹುಜನರನ್ನು ಹೊರಗಿಡುವ ಉಪಾಯವಿದು. ಇದಕ್ಕೆ ಪ್ರತಿಯಾಗಿ 1891ರಲ್ಲಿ ಸ್ವೀಡನ್ ದೇಶದ ಆರ್ತುರ್ ಹಾಸೇಲಿಯಸ್ ಎಂಬಾತನು ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಆರಂಭಿಸಿದನು. ಗಾಜಿನ ಪೆಟ್ಟಿಗೆಗಳಿಗೆ ಬದಲಾಗಿ ಹಳ್ಳಿಯ ಮನೆಗಳನ್ನೇ ದೇಶದ ನಾನಾ ಭಾಗಗಳಿಂದ ತಂದು ಗುಡ್ಡದ ಮೇಲೆ ನಿಲ್ಲಿಸಿದನು. ನೋಡಲು ಬಂದ ರೈತನು ತನ್ನ ಅಜ್ಜನ ಒಲೆಯನ್ನು ಅಲ್ಲಿ ಗುರುತಿಸಬಹುದಾಗಿತ್ತು.

ನಮ್ಮ ನಾಡಿನಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿತು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಒಂದು ನುಡಿ, ಒಂದು ನಾಡು ಎಂಬ ಭಾವನೆಯನ್ನು ಕೊಡುವುದರಲ್ಲಿ ಇವು ಮಾಡಿದ ಸೇವೆಯನ್ನು ಯಾರೂ ಅಲ್ಲಗಳೆಯಲಾರರು. ಗ್ರಂಥಗಳ ಪ್ರಕಟನೆ, ಉಪನ್ಯಾಸಗಳು, ಸಮ್ಮೇಳನಗಳು, ಇವೆಲ್ಲ ಓದುಬಲ್ಲವರ ಕೆಲಸಗಳು. ಆ ಕಾಲಕ್ಕೆ ಆಗಲೇಬೇಕಾಗಿದ್ದ ಕೆಲಸಗಳು. ಆದರೆ ಓದುಬಾರದ ಬಹುಜನರು ಅಷ್ಟು ದಿನ ಸಂಸ್ಕೃತಿಯಿಲ್ಲದೆ ಇದ್ದರೇ? ನಮ್ಮ ಸಂಘಗಳು ಬಂದು ದೀಪ ಹಚ್ಚುವವರೆಗೆ ಅವರು ಕತ್ತಲೆಯಲ್ಲಿ ಕುಳಿತಿದ್ದರೇ? ಇಲ್ಲವೆಂಬುದಕ್ಕೆ ಸಾಕ್ಷಿಯು ಬೇಕಾದಷ್ಟಿದೆ. ಶಾಸನಗಳ ವಿಷಯದಲ್ಲಿ ಪ್ರಖ್ಯಾತನಾದ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು 1885ರಿಂದ ಮುಂದಕ್ಕೆ ಕನ್ನಡ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಕಥೆಯೂ ಅವುಗಳಲ್ಲಿ ಸೇರಿದೆ. ಕಲ್ಲಿನ ಬರಹವನ್ನು ಹುಡುಕಿಕೊಂಡು ಹೊರಟವನ ಕಿವಿಗೆ ಬಾಯ ಹಾಡು ಬಿದ್ದಿತು. ಹಾಡುವವರಿಗೆ ಮಾತ್ರ ಅದು ಎಂದೂ ಕಳೆದುಹೋಗಿರಲಿಲ್ಲ.

ಇನ್ನು ಪಾರಿಜಾತದ ವಿಚಾರಕ್ಕೆ ಬರೋಣ.

ಕಥೆಯು ನಿಮಗೆಲ್ಲ ತಿಳಿದದ್ದೇ. ನಾರದನು ದೇವಲೋಕದ ಪಾರಿಜಾತದ ಹೂವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣನು ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ. ಸುದ್ದಿಯು ಸತ್ಯಭಾಮೆಗೆ ಮುಟ್ಟುತ್ತದೆ. ಆಮೇಲೆ ಮುನಿಸು, ವಿರಹ, ಸಂಧಾನ. ಹರಿವಂಶದಲ್ಲಿಯೂ ಭಾಗವತ ಪುರಾಣದಲ್ಲಿಯೂ ಇದರ ಮೂಲವಿದೆ. ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ ನಂದಿ ತಿಮ್ಮನನು ಇದೇ ವಸ್ತುವನ್ನು ತೆಲುಗಿನಲ್ಲಿ ಪ್ರೌಢಕಾವ್ಯವನ್ನಾಗಿ ಮಾಡಿದನು. ಹೀಗೆ ಪುರಾಣಿಕರ ಮಠದಲ್ಲಿಯೂ ಅರಸರ ಓಲಗದಲ್ಲಿಯೂ ಬೆಳೆದ ಈ ಕಥೆಯನ್ನು ಕನ್ನಡದಲ್ಲಿ ಹಾಡುಗಳ ರೂಪಕ್ಕೆ ತಂದವನು ಅಪರಾಳ ತಮ್ಮಣ್ಣನೆಂಬ ಕವಿ. ಆ ಕೃತಿಯನ್ನು ತೆಗೆದುಕೊಂಡು, ತಿದ್ದಿ, ಬೆಳಸಿ, ರಂಗಕ್ಕೆ ಹೊಂದುವಂತೆ ಮಾಡಿ, ಹಳ್ಳಿಯ ಬಯಲಿನಲ್ಲಿ ಆಡಿಸಿದವನು ಮತ್ತೊಬ್ಬ ತಮ್ಮಣ್ಣ, ಕುಲಗೋಡ ತಮ್ಮಣ್ಣ. ಕುಲಗೋಡವು ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು, ಈಗ ಹೊಸದಾದ ಮೂಡಲಗಿ ತಾಲೂಕಿನಲ್ಲಿರುವ ಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಹೊರಟ ಈ ಆಟವು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಸೀಮೆಗಳಲ್ಲೆಲ್ಲ ಹಬ್ಬಿತು.

ಇಬ್ಬರು ತಮ್ಮಣ್ಣಂದಿರಲ್ಲಿ ಯಾರು ದೊಡ್ಡವರೆಂಬ ವಿವಾದಕ್ಕೆ ನಾನು ಹೋಗುವುದಿಲ್ಲ. ಕವಿಯೊಬ್ಬನಿಲ್ಲದೆ ಆಟವಿಲ್ಲ; ಆಡಿಸುವವನಿಲ್ಲದೆ ಕೃತಿಯು ಗಂಟಿನಲ್ಲಿಯೇ ಉಳಿಯುತ್ತಿತ್ತು. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಎರಡನೆಯವನ ಕೆಲಸ. ಅವನು ಕಥೆಯನ್ನು ಕೆಳಗಿಳಿಸಲಿಲ್ಲ. ಕಥೆಯ ಪಕ್ಕದಲ್ಲಿ ಕೇಳುವವನಿಗೆ ಒಂದು ಮಣೆಯನ್ನು ಹಾಕಿದನು. ಹೇಗೆಂಬುದನ್ನು, ಆ ಪರಂಪರೆಯಲ್ಲಿ ಬೆಳೆದುಬಂದು ಇಂದಿಗೂ ನಾವು ನೋಡಬಹುದಾದ ಆಟವನ್ನೇ ನೋಡಿ ತಿಳಿದುಕೊಳ್ಳಬಹುದು.

ಆ ರಾತ್ರಿ ನಾವು ಕಂಡ ರಂಗವು ಬಹಳ ಸರಳವಾದುದು. ಗುಡಿಯ ಮುಂದಣ ಬಯಲು, ಅಲ್ಲೊಂದು ಎತ್ತರವಾದ ಕಟ್ಟೆ, ಹಿಂದೆ ಒಂದು ಪರದೆ. ಹಾರ್ಮೋನಿಯಂ, ತಬಲಾ, ತಾಳಗಳ ಮೇಳ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಮಕ್ಕಳು ಎಲ್ಲಕ್ಕಿಂತ ಮುಂದೆ. ಹೊಲದ ಕೆಲಸ ಮುಗಿದು, ಊಟವಾಗಿ, ದನಗಳಿಗೆ ಮೇವು ಹಾಕಿದ ಮೇಲೆ ಆಟಕ್ಕೆ ಆರಂಭ. ಆಟವೇ ಜನರ ಹೊತ್ತನ್ನು ನೋಡಿಕೊಂಡು ಬಂದಿತೇ ಹೊರತು ಜನರು ಆಟದ ಹೊತ್ತಿಗೆ ಓಡಿಬರಬೇಕಾಗಿರಲಿಲ್ಲ.

ದೇವತಾಸ್ತುತಿಯಾದ ಮೇಲೆ ಹಾಲು ಮೊಸರು ಮಾರುವ ಗೊಲ್ಲತಿಯ ಪ್ರಸಂಗ ಬಂದಿತು. ದ್ವಾರಕೆಯ ಅರಮನೆಗೆ ಹೋಗುವ ಮುನ್ನವೇ ಪ್ರೇಕ್ಷಕನು ತನ್ನ ಓಣಿಯಲ್ಲಿ ದಿನವೂ ಕಾಣುವ ಹೆಂಗಸನ್ನು ರಂಗದ ಮೇಲೆ ಕಾಣುತ್ತಾನೆ. ಅವಳ ವ್ಯಾಪಾರದ ಮಾತು, ಅವಳ ಚೌಕಾಸಿ, ಅವಳ ಬಿಂಕ ಎಲ್ಲವೂ ಅವನಿಗೆ ಗೊತ್ತು. ಆ ಪರಿಚಯದ ಸೇತುವೆಯನ್ನು ದಾಟಿಸಿದ ಮೇಲೆಯೇ ಆಟವು ಅವನನ್ನು ಸತ್ಯಭಾಮೆಯ ಅಂತಃಪುರಕ್ಕೆ ಕರೆದುಕೊಂಡು ಹೋಗುವುದು. ಅಲ್ಲಿ ರಾಣಿಯ ಹಾಡು ಪ್ರೌಢವಾದುದು, ರಾಗಬದ್ಧವಾದುದು, ಮಾತು ಗ್ರಾಂಥಿಕವಾದುದು. ಅಷ್ಟರಲ್ಲಿ ಹಳ್ಳಿಗನು ಬೆದರಿ ಎದ್ದುಹೋಗುವುದಿಲ್ಲ. ಏಕೆಂದರೆ ರಂಗದ ಮೇಲೆ ಅವನ ಪಕ್ಷದವನೊಬ್ಬನು ನಿಂತಿದ್ದಾನೆ. ಅವನೇ ಭಾಗವತ.

ಪಾರಿಜಾತದ ಭಾಗವತನು ವಿಲಕ್ಷಣವಾದ ಪಾತ್ರ. ಒಮ್ಮೆ ಅವನು ಸೂತ್ರಧಾರ, ಒಮ್ಮೆ ವಿದೂಷಕ, ಮತ್ತೊಮ್ಮೆ ಸಖಿಯ ಸ್ಥಾನದಲ್ಲಿ ನಿಂತು ರಾಣಿಯ ದುಃಖವನ್ನು ಕೇಳುವವನು. ರಾಣಿಯು ತನ್ನ ಅಂತಸ್ತಿಗೆ ತಕ್ಕ ಭಾಷೆಯಲ್ಲಿ ಹೇಳಿದುದಕ್ಕೆ ಇವನು ಊರಿನ ಮಾತಿನಲ್ಲಿ ಉತ್ತರಕೊಡುತ್ತಾನೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆನ್ನುತ್ತಾನೆ. ಯಾರಮ್ಮ ನೀನು, ನಿನ್ನ ಹೆಸರೇನು, ಗಂಡನಾರು, ಒಂದು ಹೂವಿಗಾಗಿ ಇಷ್ಟು ಕೋಪವೇಕೆ ಎಂದು ಕೇಳುತ್ತಾನೆ. ಈ ಪ್ರಶ್ನೆಗಳು ಅವನವಲ್ಲ. ಕಂಬಳಿಯ ಮೇಲೆ ಕುಳಿತ ನಮ್ಮವು. ಪ್ರಶ್ನೆಯನ್ನು ಕೇಳಿಸಿಕೊಂಡ ಸತ್ಯಭಾಮೆ ಮತ್ತೆ ಹಾಡುತ್ತಾಳೆ. ಎರಡನೆಯ ಸಲ ಹಾಡುವಾಗ ನಮಗೆಲ್ಲ ಅವಳ ಹಾಡಿನ ಅರ್ಥವಾಗಿರುತ್ತದೆ. ಆ ರಾತ್ರಿ ಭಾಗವತನು ಹೂವಿನ ಪ್ರಶ್ನೆಯನ್ನು ಕೇಳಿದಾಗ ಹೆಂಗಸರ ಕಡೆಯಿಂದ ಮುದುಕಿಯೊಬ್ಬಳು, "ಹೂವಿಂದಲ್ಲಪಾ, ಮಾನದ್ದು" ಎಂದು ಗಟ್ಟಿಯಾಗಿ ಹೇಳಿದಳು. ಭಾಗವತನು ತಿರುಗಿ ಅವಳಿಗೆ ಕೈಮುಗಿದನು, ಸಭೆಯೆಲ್ಲ ನಕ್ಕಿತು, ಸತ್ಯಭಾಮೆಯ ಪಾತ್ರದವಳು ಅದೇ ಮಾತನ್ನು ಹಿಡಿದುಕೊಂಡು ಮುಂದಿನ ಹಾಡನ್ನೆತ್ತಿದಳು. ನನ್ನ ವಿದ್ಯಾರ್ಥಿಗಳು ಯಾವ ಅಲಂಕಾರಶಾಸ್ತ್ರದ ಪಾಠದಲ್ಲಿಯೂ ಮಾನಿನಿಯಾದ ನಾಯಿಕೆಯ ಲಕ್ಷಣವನ್ನು ಇಷ್ಟು ಸ್ಪಷ್ಟವಾಗಿ ತಿಳಿದಿರಲಾರರು.

ಬೆಳಗಿನ ಜಾವದ ಹೊತ್ತಿಗೆ ಕೃಷ್ಣನು ಕೊರವಂಜಿಯ ವೇಷದಲ್ಲಿ ಬಂದು ಸತ್ಯಭಾಮೆಗೆ ಕಣಿ ಹೇಳುವ ಪ್ರಸಂಗ ಬಂದಿತು. ಜಗದೊಡೆಯನು ಬುಟ್ಟಿಯನ್ನು ಹೊತ್ತು ಊರೂರು ತಿರುಗುವವಳ ವೇಷವನ್ನು ತೊಡುತ್ತಾನೆ. ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ನಾವು ಸೌಲಭ್ಯವೆಂದು ಕರೆಯುವ ಗುಣವು, ಅಂದರೆ ದೊಡ್ಡವನಾದ ದೇವರು ಸಣ್ಣವರ ಕೈಗೆ ಸಿಕ್ಕುವ ಗುಣವು, ಹಳ್ಳಿಯ ಮಕ್ಕಳ ಕಣ್ಣಿಗೆ ಪ್ರತ್ಯಕ್ಷವಾಗುತ್ತದೆ.

ಈ ಆಟವನ್ನು ಹೊತ್ತು ನಡೆದವರು ಯಾರೆಂಬುದನ್ನೂ ಗಮನಿಸಬೇಕು. ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮನವರು ಪಾರಿಜಾತದ ಕಲಾವಿದೆಯಾಗಿ ನಾಡಿನಲ್ಲೆಲ್ಲ ಹೆಸರಾದರು. ಸ್ತ್ರೀಯರು ರಂಗವನ್ನೇರುವುದನ್ನು ಮರ್ಯಾದಸ್ಥರೆನಿಸಿಕೊಂಡವರು ಹಗುರಾಗಿ ಕಾಣುತ್ತಿದ್ದ ಕಾಲದಲ್ಲಿ ಪಾರಿಜಾತವು ಹೆಣ್ಣಿನ ಮಾನದ ಕಥೆಯನ್ನು ಹೆಣ್ಣಿನ ಬಾಯಿಂದಲೇ ಹೇಳಿಸಿತು. ಲೋಕಾಪುರದ ಅಪ್ಪಾಲಾಲ ನದಾಫರಂತಹ ಮುಸಲ್ಮಾನ ಕಲಾವಿದರು ಇದರಲ್ಲಿ ಕೀರ್ತಿಯನ್ನು ಪಡೆದರು. ವೈಷ್ಣವ ಕಥೆಯನ್ನು ಲಿಂಗಾಯತ ರೈತರ ಊರಿನಲ್ಲಿ ಎಲ್ಲ ಮತದವರೂ ಕೂಡಿ ಕುಳಿತು ಕೇಳುವುದಾಯಿತು. ಯಾವ ಸಂಸ್ಕೃತಿ ಸಂಘದ ಸದಸ್ಯರ ಪಟ್ಟಿಯಲ್ಲಿಯೂ ಇಷ್ಟು ವಿಶಾಲವಾದ ಸಮಾಜವನ್ನು ನಾನು ಕಂಡಿಲ್ಲ.

ಬಯಲಾಟವು ಹೀಗೆ ದೂರದವರನ್ನೂ ಸೆಳೆದುದಕ್ಕೆ ಇತಿಹಾಸದಲ್ಲಿ ಇನ್ನೊಂದು ನಿದರ್ಶನವಿದೆ. ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಯ ಸಂಸ್ಥಾನಕ್ಕೆ ಹೋಗಿ ಆಡಿತು. ಅದನ್ನು ನೋಡಿ ಮೆಚ್ಚಿದ ಅಲ್ಲಿನ ಅರಸರಾದ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲಿಯೂ ಅಂತಹುದನ್ನು ರಚಿಸಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸೀತಾಸ್ವಯಂವರವು ರಂಗಕ್ಕೆ ಬಂದಿತು. ಮರಾಠಿ ರಂಗಭೂಮಿಯ ಚರಿತ್ರೆಯು ಅಲ್ಲಿಂದ ಆರಂಭವಾಗುತ್ತದೆಂದು ಮರಾಠಿಗರೇ ಬರೆದಿದ್ದಾರೆ. ಅನಂತರ ನಮ್ಮ ಸುಶಿಕ್ಷಿತರು ಮರಾಠಿ ಸಂಗೀತ ನಾಟಕಗಳಿಗೆ ಮಾರುಹೋಗಿ, ಅದಕ್ಕೆ ಸ್ಫೂರ್ತಿಯನ್ನು ಕೊಟ್ಟ ಬಯಲಾಟವನ್ನು ಗಾವಟಿಯೆಂದು ತಿರಸ್ಕರಿಸಿದುದು ವಿಧಿಯ ವಿನೋದವೆನ್ನಬೇಕು.

ತಿರಸ್ಕಾರವು ಹಳೆಯ ಕಾಲದ ಮಾತೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದು ಈಗ ಸನ್ಮಾನದ ವೇಷವನ್ನು ತೊಟ್ಟಿದೆ. ಇದನ್ನು ಇತರರ ಮೇಲೆ ಹೊರಿಸದೆ ನನ್ನ ತಪ್ಪಿನ ಮೂಲಕವೇ ಹೇಳುತ್ತೇನೆ.

ಆ ರಾತ್ರಿಯ ಅನುಭವದಿಂದ ಉತ್ಸಾಹಗೊಂಡು ನಾನು ಮರುವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಪಾರಿಜಾತದ ಮೇಳವೊಂದನ್ನು ಬರಮಾಡಿಕೊಂಡೆನು. ಕಾರ್ಯಕ್ರಮದ ಪಟ್ಟಿಯಲ್ಲಿ ಅವರಿಗೆ ನಲವತ್ತು ನಿಮಿಷಗಳನ್ನು ಗೊತ್ತುಮಾಡಿದ್ದಾಯಿತು. ಮುಖ್ಯ ಅತಿಥಿಗಳು ಬರುವುದು ತಡವಾದುದರಿಂದ ನಲವತ್ತು ಇಪ್ಪತ್ತೈದಾಯಿತು. ಗೊಲ್ಲತಿಯನ್ನು ಬಿಡಿರೆಂದೆವು, ಕೊರವಂಜಿಯನ್ನೂ ಬಿಡಿರೆಂದೆವು, ಹಾಡುಗಳೆರಡು ಸಾಕೆಂದೆವು. ಎತ್ತರದ ರಂಗ, ಕಣ್ಣಿಗೆ ಚುಚ್ಚುವ ದೀಪಗಳು, ಎದುರಿಗೆ ಕತ್ತಲೆಯಲ್ಲಿ ಕುರ್ಚಿಗಳ ಸಾಲು. ಭಾಗವತನು ರೂಢಿಯಂತೆ ಸಭೆಯ ಕಡೆಗೆ ತಿರುಗಿ ಒಂದು ಪ್ರಶ್ನೆಯನ್ನು ಕೇಳಿದನು. ಯಾರೂ ಉತ್ತರಕೊಡಲಿಲ್ಲ. ನಾಟಕದ ನಡುವೆ ಮಾತಾಡುವುದು ಅಸಭ್ಯತೆಯೆಂದು ನಾವೇ ವಿದ್ಯಾರ್ಥಿಗಳಿಗೆ ಕಲಿಸಿದ್ದೆವಷ್ಟೆ. ಅವನು ಇನ್ನೊಮ್ಮೆ ಕೇಳಿದನು; ಮತ್ತೆ ಮೌನ. ಅನಂತರ ತಾನೇ ಕೇಳಿ ತಾನೇ ಉತ್ತರಕೊಟ್ಟುಕೊಂಡು ಬೇಗನೆ ಮುಗಿಸಿದನು. ಶಾಲುಗಳನ್ನು ಹೊದಿಸಿದೆವು, ಹಾರಗಳನ್ನು ಹಾಕಿದೆವು, ಫೋಟೋ ತೆಗೆಸಿದೆವು, ಅಳಿಯುತ್ತಿರುವ ಕಲೆಯನ್ನು ಉಳಿಸಬೇಕೆಂದು ಅತಿಥಿಗಳು ಭಾಷಣವನ್ನೂ ಮಾಡಿದರು.

ಎಲ್ಲ ಮುಗಿದ ಮೇಲೆ ಮೇಳದ ಹಿರಿಯನು ನನ್ನ ಬಳಿಗೆ ಬಂದು, ತಮ್ಮ ಊರಿಗೆ ಬಸ್ಸು ಇರುವುದು ಬೆಳಿಗ್ಗೆಯೆಂದೂ, ವೇಷವನ್ನು ಇನ್ನೂ ಕಳಚಿಲ್ಲವೆಂದೂ, ಎಲ್ಲಿಯಾದರೂ ಒಂದು ಅಂಗಳವನ್ನು ತೋರಿಸಿದರೆ ಉಳಿದ ಆಟವನ್ನು ಬೇಕಾದವರಿಗೆ ಆಡಿತೋರಿಸುವೆವೆಂದೂ ಕೇಳಿದನು. ಒಂಬತ್ತು ಗಂಟೆಗೆ ಬಾಗಿಲು ಹಾಕಬೇಕೆಂಬ ನಿಯಮವಿತ್ತು. ಕಾವಲುಗಾರನು ಬೀಗವನ್ನು ಹಿಡಿದುಕೊಂಡು ನಿಂತಿದ್ದನು. ನಾನು ಇಲ್ಲವೆಂದೆನು. ಸತ್ಯಭಾಮೆಯೂ ಕೃಷ್ಣನೂ ಭಾಗವತನೂ ಆ ರಾತ್ರಿಯನ್ನು ಬಸ್ಸಿನ ನಿಲ್ದಾಣದಲ್ಲಿ ಕಳೆದರು. ತಮ್ಮ ಹಳ್ಳಿಯಲ್ಲಿ ನಮಗೆ ಕಂಬಳಿ ಹಾಸಿದ ಜನರಿಗೆ ನಾವು ಒಂದು ಅಂಗಳವನ್ನು ತೋರಿಸಲಾರದೆ ಹೋದೆವು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಈ ಸೋಲಿನ ಕಾರಣಗಳನ್ನು ವಿಚಾರಿಸಿದರೆ ನಮ್ಮ ಸಂಸ್ಥೆಗಳು ಕಲಿಯತಕ್ಕ ಪಾಠವು ಕಾಣುತ್ತದೆ. ನಾವು ಜನರ ಬಳಿಯಿದ್ದ ವಸ್ತುವನ್ನು ತಂದೆವು. ಆದರೆ ಅದರೊಡನೆ ಇದ್ದ ಹೊತ್ತು, ಸ್ಥಳ, ಮಾತು, ಸಲಿಗೆ ಇವುಗಳನ್ನು ಹೊರಗೆ ಬಿಟ್ಟೆವು. ಹಾಡು ಉಳಿದರೂ ಪ್ರಶ್ನೆಯು ಸತ್ತುಹೋಯಿತು. ಸಾಮಾನ್ಯ ಜನರನ್ನು ಆಕರ್ಷಿಸಬೇಕೆಂದು ಹೊರಟವರು ಹಲವು ಬಾರಿ ಬಣ್ಣವನ್ನೂ ಬೆಳಕನ್ನೂ ಹೆಚ್ಚಿಸುತ್ತಾರೆ. ವಿಷಯವನ್ನು ಕಡಿಮೆ ಮಾಡುತ್ತಾರೆ. ಪಾರಿಜಾತದಲ್ಲಿ ನಡೆದುದು ಇದಕ್ಕೆ ವಿರುದ್ಧ. ಅಲ್ಲಿ ವಿಷಯಕ್ಕೆ ಕೊರತೆಯಿಲ್ಲ, ಹಾಡಿಗೆ ಅವಸರವಿಲ್ಲ, ಕೇಳುವವನಿಗೆ ಪ್ರಶ್ನೆಮಾಡುವ ಅಧಿಕಾರವಿದೆ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ, ಪರಿಷತ್ತುಗಳಲ್ಲಿ, ಕಾಲೇಜುಗಳಲ್ಲಿ ಕೊರತೆಯಾಗಿರುವುದು ಭಾಗವತನೇ. ವಿದ್ವಾಂಸನ ಪಕ್ಕದಲ್ಲಿ ನಿಂತು, ಊರಿನವನ ಪರವಾಗಿ ಊರಿನ ಮಾತಿನಲ್ಲಿ, "ಇದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳು" ಎನ್ನುವವನೊಬ್ಬನು ಬೇಕು. ವಿದ್ವಾಂಸನಿಗೆ ಅವನ ಮೇಲೆ ಸಿಟ್ಟುಬರಬಾರದು.

ಹೀಗೆ ಎರಡೂ ಕಡೆ ನಿಲ್ಲಬಲ್ಲವರು ಆ ಸೀಮೆಯಲ್ಲಿ ಇಲ್ಲದಿಲ್ಲ. ಆನಂದಕಂದರೆಂದು ಪ್ರಸಿದ್ಧರಾದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದವರು. 'ಜಯಂತಿ' ಪತ್ರಿಕೆಯ ಸಂಪಾದಕರಾಗಿ ಪಂಡಿತರೊಡನೆ ಪಂಡಿತರಾಗಿದ್ದ ಅವರು ತಮ್ಮ ಕವಿತೆಗೆ ಹಳ್ಳಿಯ ಹಾಡಿನ ಧಾಟಿಯನ್ನು ತಂದುಕೊಂಡರು. ನವರಾತ್ರಿಯ ಹಬ್ಬವನ್ನು ನಾಡಹಬ್ಬವನ್ನಾಗಿ ಮಾಡಿದ ಪ್ರವರ್ತಕರಲ್ಲಿ ಅವರು ಪ್ರಮುಖರು. ಇದರ ಜಾಣ್ಮೆಯನ್ನು ನೋಡಿರಿ: ಜನರು ಹೇಗಿದ್ದರೂ ಆಚರಿಸುವ ಹಬ್ಬಕ್ಕೆ ಕನ್ನಡವನ್ನು ಕರೆದುಕೊಂಡು ಹೋದರು, ಕನ್ನಡಕ್ಕಾಗಿ ಜನರು ಹೊಸ ದಿನವೊಂದನ್ನು ಬಿಡುವುಮಾಡಿಕೊಳ್ಳಬೇಕಾಗಲಿಲ್ಲ. ಬಿಜಾಪುರದ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಮಾಡಿದ ಕೆಲಸವೂ ಇದೇ ಜಾತಿಯದು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅಂದಿನಿಂದ ಕನ್ನಡ ಸಾಹಿತ್ಯಕ್ಕೆ ಅಜ್ಜಿಯರೂ ಗ್ರಂಥಕರ್ತರಾದರು.

ಹುಕ್ಕೇರಿಯೇ ಕೊಡುವ ಮತ್ತೊಂದು ದೃಷ್ಟಾಂತವನ್ನು ಹೇಳುತ್ತೇನೆ; ಅದು ಕಲೆಯದಲ್ಲ, ವಿದ್ಯುಚ್ಛಕ್ತಿಯದು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದು ಸ್ಥಾಪಿತವಾಯಿತು. ಪ್ರಯೋಗಾರ್ಥವಾಗಿ ಆಗ ದೇಶದಲ್ಲಿ ಕಟ್ಟಿದ ಇಂತಹ ಐದು ಸಂಘಗಳಲ್ಲಿ ಇದೊಂದು. ದೀಪವನ್ನು ಬಳಸುವ ರೈತನೇ ಸಂಘದ ಸದಸ್ಯ. ಅವನಿಗೆ ಅಲ್ಲಿ ಒಂದು ಪಾಲು, ಒಂದು ಮತ. ಕಂಬ ಬಿದ್ದರೆ ಅವನು ಅರ್ಜಿದಾರನಾಗಿ ಬರುವುದಿಲ್ಲ. ಒಡೆಯರಲ್ಲಿ ಒಬ್ಬನಾಗಿ ಬಂದು ಕೇಳುತ್ತಾನೆ. ಆಡಳಿತದಲ್ಲಿ ಗುಣವೂ ದೋಷವೂ ಎಲ್ಲೆಡೆ ಇರುವಂತೆ ಅಲ್ಲಿಯೂ ಇದ್ದಾವು. ನಾನು ಎತ್ತಿಹೇಳುವುದು ತತ್ತ್ವವನ್ನು ಮಾತ್ರ. ಮನೆಯ ದೀಪಕ್ಕೆ ರೈತನನ್ನು ಒಡೆಯನನ್ನಾಗಿ ಮಾಡಬಹುದಾದರೆ ಅವನ ಊರಿನ ಗುಮ್ಮಟಕ್ಕೂ ಆಟಕ್ಕೂ ಅವನನ್ನು ಬರಿಯ ಪ್ರೇಕ್ಷಕನನ್ನಾಗಿ ಇಡುವುದೇಕೆ? ಯಾವ ಆಟವನ್ನು ಕರೆಸಬೇಕು, ಎಲ್ಲಿ ಆಡಿಸಬೇಕು, ಗುಮ್ಮಟದ ಕಥೆಯನ್ನು ಯಾವ ಮಾತಿನಲ್ಲಿ ಹಲಗೆಯ ಮೇಲೆ ಬರೆಯಬೇಕು ಎಂಬ ಸಭೆಗಳಲ್ಲಿ ಆ ಊರಿನವರಿಗೆ ಒಂದು ಮತವಿದ್ದರೆ ಜನರು ಬರುವುದಿಲ್ಲವೆಂಬ ವ್ಯಸನವು ಅರ್ಧಕ್ಕರ್ಧ ಕಡಿಮೆಯಾದೀತು.

ಹೀಗೆ ಬಾಗಿಲನ್ನು ಅಗಲಿಸಿದರೆ ಶುದ್ಧತೆಯು ಕೆಡುವುದಿಲ್ಲವೇ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪವು ನಿಸ್ಸಾರವಾದುದಲ್ಲ. ಚಲನಚಿತ್ರದ ಧಾಟಿಗಳು ಬಯಲಾಟದೊಳಕ್ಕೆ ನುಗ್ಗಿವೆ. ಹಾಸ್ಯವು ಕೆಲವೆಡೆ ಹದವನ್ನು ಮೀರಿದೆ. ಆದರೂ ಒಂದು ಭೇದವನ್ನು ಗಮನಿಸಬೇಕು. ಭಾಗವತನು ಎಷ್ಟು ತಮಾಷೆಮಾಡಿದರೂ ಸತ್ಯಭಾಮೆಯ ಹಾಡನ್ನು ತಾನು ಹಾಡುವುದಿಲ್ಲ. ಅದನ್ನು ಮೊಟಕುಗೊಳಿಸುವುದೂ ಇಲ್ಲ. ಅದನ್ನು ಕೇಳುವ ಕಿವಿಯನ್ನು ಸಿದ್ಧಪಡಿಸಿ ಪಕ್ಕಕ್ಕೆ ಸರಿಯುತ್ತಾನೆ. ಬಾಗಿಲನ್ನು ಅಗಲಿಸುವುದು ಬೇರೆ, ಗೋಡೆಯನ್ನು ಕೆಡವುವುದು ಬೇರೆ. ಮೇಲಾಗಿ, ಹಾಡನ್ನು ಅರ್ಧಕ್ಕೆ ಕತ್ತರಿಸಿದವರು ನಾನು ಕಂಡಂತೆ ಹಳ್ಳಿಗರಲ್ಲ. ಇಪ್ಪತ್ತೈದು ನಿಮಿಷಗಳ ಕಾರ್ಯಕ್ರಮವನ್ನು ಗೊತ್ತುಮಾಡಿದ ನಾವೇ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಜನರ ಪ್ರೀತಿಯನ್ನು ಗಳಿಸಿದ ಪಾರಿಜಾತವೂ ಇಂದು ನಿರಾತಂಕವಾಗಿಲ್ಲ. ಸಿನಿಮಾ, ದೂರದರ್ಶನ, ಕೈಯೊಳಗಿನ ಫೋನು ಇವುಗಳ ನಡುವೆ ಬೆಳತನಕ ಕುಳಿತುಕೊಳ್ಳುವ ತಾಳ್ಮೆಯು ಹಳ್ಳಿಗಳಲ್ಲಿಯೂ ಕುಂದಿದೆ. ಆದಕಾರಣ ಹಳೆಯ ಆಟವನ್ನು ಹಾಗೆಯೇ ಇಟ್ಟುಕೊಂಡರೆ ಸಾಕೆಂದು ಹೇಳಲಾರೆನು. ಕುಲಗೋಡ ತಮ್ಮಣ್ಣನು ತನ್ನ ಕಾಲಕ್ಕೆ ತಾನು ಪಡೆದುದನ್ನು ಹಾಗೆಯೇ ಇಟ್ಟುಕೊಂಡವನಲ್ಲ. ಪಠ್ಯವನ್ನು ಬಲ್ಲವನೂ ಬಯಲನ್ನು ಬಲ್ಲವನೂ ಆದ ಒಬ್ಬನು ಪ್ರತಿಯೊಂದು ತಲೆಮಾರಿನಲ್ಲಿಯೂ ಹುಟ್ಟಿ ಆ ಕೆಲಸವನ್ನು ಹೊಸದಾಗಿ ಮಾಡಬೇಕಾಗುತ್ತದೆ. ಸಂಸ್ಥೆಗಳ ನಿಜವಾದ ಕರ್ತವ್ಯವು ಅಂತಹವರಿಗೆ ಅಂಗಳವನ್ನು ಕೊಡುವುದು, ಅನ್ನವನ್ನು ಕೊಡುವುದು, ಅವಸರಪಡಿಸದಿರುವುದು.

ನೀವು ಈಗ ನನ್ನ ಮಾತನ್ನು ಕೇಳುತ್ತಿರುವ ಈ ಸಾಧನಕ್ಕೂ ಈ ಮಾತು ಅನ್ವಯಿಸುತ್ತದೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರ ಯಂತ್ರವನ್ನಿಟ್ಟುಕೊಂಡು ಆಕಾಶವಾಣಿಯನ್ನು ಆರಂಭಿಸಿದರು. ಕಾಲೇಜಿನ ಕೊಠಡಿಯೊಳಗೆ ಉಳಿಯಬಹುದಾಗಿದ್ದ ವಿದ್ಯೆಯನ್ನು ಗೋಡೆಯ ಆಚೆಗೆ ಕಳುಹಿಸಬೇಕೆಂಬ ಹಂಬಲವೇ ಅದಕ್ಕೆ ಮೂಲ. 1950ರ ಜನವರಿಯಲ್ಲಿ ಧಾರವಾಡದ ನಿಲಯವು ಆರಂಭವಾಯಿತು. ಅಲ್ಲಿಂದಾಚೆಗೆ ಉತ್ತರದ ಸೀಮೆಯ ನುಡಿಯೂ ಹಾಡೂ ಗಾಳಿಯಲ್ಲಿ ಹರಿದುಬಂದವು. ಆದರೆ ರೇಡಿಯೋದಲ್ಲಿ ಒಂದು ಕೊರತೆಯುಂಟು. ನಾನು ಮಾತನಾಡುತ್ತೇನೆ, ನೀವು ಕೇಳುತ್ತೀರಿ. ಹೂವಿನದಲ್ಲ, ಮಾನದ್ದು ಎಂದು ಯಾವ ಮುದುಕಿಯೂ ನನ್ನನ್ನು ತಡೆದು ಹೇಳಲಾರಳು. ಆ ಉತ್ತರವು ನಿಮ್ಮ ಪತ್ರಗಳಲ್ಲಿ ಬರಬೇಕು.

ಕೊನೆಯದಾಗಿ ಹುಕ್ಕೇರಿಯ ಗುಮ್ಮಟಗಳ ಬಳಿಗೆ ಮರಳುತ್ತೇನೆ. ಆ ವೃದ್ಧನ ಮಾತನ್ನು ಕೇಳಿದ ಮೇಲೆ ನಾನು ಮತ್ತೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆನು. ಈ ಸಲ ಊರಿನವರನ್ನೂ ಕರೆದಿದ್ದೆನು. ಹತ್ತು ಹದಿನೈದು ಮಂದಿ ಬಂದರು. ಅವರು ಪ್ರಶ್ನೆಗಳನ್ನು ಕೇಳಿದರು. ಇದನ್ನು ಕಟ್ಟಿದ ಗೌಂಡಿಗಳು ಎಲ್ಲಿಯವರು, ಕಲ್ಲನ್ನು ಎಲ್ಲಿಂದ ತಂದರು, ಅವರಿಗೆ ಕೂಲಿಯೇನು ಕೊಡುತ್ತಿದ್ದರು, ಬರಗಾಲದಲ್ಲಿ ಕಟ್ಟಿದರೋ ಸುಭಿಕ್ಷದಲ್ಲಿ ಕಟ್ಟಿದರೋ ಎಂದರು. ಅವುಗಳಲ್ಲಿ ಬಹಳಷ್ಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅರಸರ ಹೆಸರುಗಳನ್ನು ನಾನು ಬಲ್ಲೆನಾಗಿದ್ದೆ. ಅವರು ಕೇಳಿದುದು ಕೆಲಸದವರನ್ನು ಕುರಿತು. ಹಿಂದಿರುಗಿ ಬರುವಾಗ ನನ್ನ ವಿದ್ಯಾರ್ಥಿಯೊಬ್ಬನು ಆ ಪ್ರಶ್ನೆಗಳನ್ನೆಲ್ಲ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು. ಪುಟದ ತಲೆಯಲ್ಲಿ ಅವನು ಬರೆದಿದ್ದ ಶೀರ್ಷಿಕೆ, 'ನಮ್ಮೂರಿನ ಗುಮ್ಮಟ'. ಆ ಹುಡುಗನ ಊರು ಹುಕ್ಕೇರಿಯಲ್ಲ.